ಒಂದೇ ಮನೆ, ಮೂವರು ಬ್ರೋಕರ್, ಮೂರು ರೇಟು

ಕೊಡಗಿನಲ್ಲಿ ಮಾರಾಟಕ್ಕಿರುವ ಹಳೇ ಮನೆ ಒಬ್ಬ ಬ್ರೋಕರ್ ಕೈಯಲ್ಲಿ ಮಾತ್ರ ಇರುವುದು ಅಪರೂಪ. ಮಕ್ಕಳು ಬೆಂಗಳೂರಲ್ಲೋ ಮಂಗಳೂರಲ್ಲೋ ಇರುತ್ತಾರೆ. ಊರಿಗೆ ಬಂದಾಗ ಸಿಕ್ಕವರಿಗೆಲ್ಲ "ಯಾವುದಾದ್ರೂ ಪಾರ್ಟಿ ಇದ್ರೆ ನೋಡಿ" ಅಂತ ಹೇಳಿ ಹೋಗುತ್ತಾರೆ. ಬ್ರೋಕರ್‌ಗೂ ಹೇಳುತ್ತಾರೆ, ಪಕ್ಕದ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗೂ ಹೇಳುತ್ತಾರೆ, ದಿನಸಿ ಅಂಗಡಿಯವರಿಗೂ ಹೇಳುತ್ತಾರೆ. ಯಾರಿಗೂ ಬರವಣಿಗೆಯಲ್ಲಿ ಏನೂ ಕೊಟ್ಟಿರುವುದಿಲ್ಲ. ಯಾರ ಪಾರ್ಟಿಗೆ ವ್ಯಾಪಾರ ಕುದುರುತ್ತೋ ಅವರಿಗೆ ಕಮಿಷನ್. ಹೀಗಾಗಿ ಒಂದೇ ಮನೆ ಮೂರ್ನಾಲ್ಕು ಜನರ ಮೊಬೈಲಿನಲ್ಲಿ ಬೇರೆ ಬೇರೆ ರೇಟಿಗೆ ಓಡಾಡುತ್ತಿರುತ್ತದೆ.

ಮೂರ್ನಾಡಿನ ಹತ್ತಿರ ನಾವು ಕೊಂಡಿದ್ದು ಇಂಥದ್ದೇ ಮನೆ. ಅದರ ಕತೆಯನ್ನು ವಿವರವಾಗಿ ಬರೆಯೋಕೆ ಕಾರಣ ಇದೆ. ಮನೆ ತಗೊಳ್ತೀವಿ ಅಂದ ಕೂಡಲೇ ಎಲ್ಲರೂ "ದಾಖಲೆ ಸರಿಯಾಗಿ ನೋಡಿ" ಅಂತಾರೆ. ಅದು ಸರಿಯೇ. ಆದರೆ ಹಲವು ಬ್ರೋಕರ್ ಇರುವ ಮನೆಯಲ್ಲಿ ರೇಟು ಹೇಗೆ ಏರುತ್ತೆ, ಯಾರ ಜೊತೆ ಮಾತಾಡಬೇಕು, ಯಾರಿಗೆ ಕಮಿಷನ್ ಕೊಡಬೇಕು, ಇದನ್ನು ಯಾರೂ ಹೇಳುವುದಿಲ್ಲ. ನಮಗೆ ಇದೆಲ್ಲ ಗೊತ್ತಾಗಿದ್ದು ಆ ದಾರಿಯಲ್ಲಿ ನಡೆದ ಮೇಲೆಯೇ.

ನಾವು ಮೈಸೂರಿನವರು. ನಾನು ಬ್ಯಾಂಕಿನಲ್ಲಿದ್ದೇನೆ, ಹೆಂಡತಿ ಶಾಲೆಯಲ್ಲಿ ಟೀಚರ್. ಅವಳ ತವರು ನಾಪೋಕ್ಲು ಕಡೆ. ಅತ್ತೆಗೆ ವಯಸ್ಸಾಗಿದೆ, ನನ್ನ ರಿಟೈರ್‌ಮೆಂಟೂ ದೂರ ಇಲ್ಲ. ಮೊದಲು ಕುಶಾಲನಗರ ನೋಡಿದೆವು. ಅಲ್ಲಿ ಮಳೆ ಕಡಿಮೆ, ಬಡಾವಣೆಗಳು ಜಾಸ್ತಿ, ಮೈಸೂರಿಗೂ ಹತ್ತಿರ. ಆದರೆ ನಮ್ಮ ಕೈಗೆ ಎಟುಕುವ ಮನೆಗಳು ಹೆಚ್ಚಾಗಿ ಕಾವೇರಿಯ ಕಡೆ ಇದ್ದವು. 2018 ಮತ್ತು 2019ರಲ್ಲಿ ಹೊಳೆ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಅದನ್ನು ಬಿಟ್ಟು ಮಡಿಕೇರಿ, ವಿರಾಜಪೇಟೆ ನಡುವೆ ಹುಡುಕಲು ಶುರು ಮಾಡಿದೆವು.

ಮನೆಯನ್ನು ನಮಗೆ ಮೊದಲು ತೋರಿಸಿದ್ದು ಒಬ್ಬ ಹಿರಿಯ ಬ್ರೋಕರ್. ಮೊದಲು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಸ್ಕೂಟರಿನಲ್ಲಿ ಮುಂದೆ ಹೋಗುತ್ತಾ ದಾರಿ ತೋರಿಸಿದರು. ಏಪ್ರಿಲ್ ತಿಂಗಳು, ಕಾಫಿ ಹೂ ಮುಗಿದಿತ್ತು. ಹತ್ತು ಸೆಂಟು ಜಾಗ, ಮಂಗಳೂರು ಹೆಂಚಿನ ಮನೆ, ಮುಂದೆ ಉದ್ದಕ್ಕೂ ಜಗಲಿ, ಹಿಂದೆ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಕಟ್ಟಿದ ಕಲ್ಲಿನ ಗೋಡೆ. ಜಗಲಿಯ ಕೆಂಪು ಗಾರೆ ನೆಲದ ಒಂದು ಮೂಲೆಯಲ್ಲಿ ನಾಯಿಯ ಹೆಜ್ಜೆ ಗುರುತು ಇತ್ತು. ಗಾರೆ ಹಸಿ ಇದ್ದಾಗ ಯಾವುದೋ ನಾಯಿ ಜಗಲಿ ಹತ್ತಿ, ಹೊಸ್ತಿಲವರೆಗೆ ಬಂದು, ತಿರುಗಿ ಹೋಗಿದೆ. ಹೆಂಡತಿ ಕೂತು ಅದನ್ನೇ ಬೆರಳಲ್ಲಿ ಸವರುತ್ತಿದ್ದಳು. ಹಿರಿಯರು ಹೇಳಿದ ರೇಟು 68 ಲಕ್ಷ.

ಸ್ವಲ್ಪ ದಿನದ ಮೇಲೆ ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಇವರು ಯುವಕ. ಮನೆ ಮಾರಾಟದ ವೆಬ್‌ಸೈಟ್‌ಗಳಲ್ಲಿ ಜಾಹೀರಾತು ಹಾಕುವವರು, ಡ್ರೋನ್ ವಿಡಿಯೋ ಮಾಡಿಸುವವರು. "ಹೆರಿಟೇಜ್ ಬಂಗ್ಲೆ, 12 ಸೆಂಟು, ಮಡಿಕೇರಿಗೆ 10 ನಿಮಿಷ, 74 ಲಕ್ಷ" ಅಂತ ಬರೆದಿತ್ತು. ಫೋಟೋ ಎಲ್ಲ ಮೇಲಿನಿಂದ, ಪಕ್ಕದಿಂದ ತೆಗೆದಿದ್ದು. ನನಗೆ ಗುರುತು ಸಿಗಲಿಲ್ಲ. ಹೆಂಡತಿ ಜಗಲಿಯ ಫೋಟೋ ದೊಡ್ಡದು ಮಾಡಿ ನೋಡಿ, "ರೀ, ನಾಯಿ ಹೆಜ್ಜೆ!" ಅಂದಳು. ಅದೇ ಮನೆ. ಎರಡು ಸೆಂಟು ಜಾಗ ಜಾಸ್ತಿ, ಆರು ಲಕ್ಷ ರೇಟು ಜಾಸ್ತಿ. ಆ ತಿರುವುಗಳ ರಸ್ತೆಯಲ್ಲಿ 10 ನಿಮಿಷಕ್ಕೆ ಮಡಿಕೇರಿ ಮುಟ್ಟೋಕೆ ಸಾಧ್ಯವೇ ಇಲ್ಲ.

ಮೂರನೆಯವರು ವಿರಾಜಪೇಟೆಯವರು. ಹೆಂಡತಿಯ ಕಡೆಯ ನೆಂಟರ ಮೂಲಕ ಪರಿಚಯ ಆದವರು. ಮೂರ್ನಾಡು ಅಂದ ಕೂಡಲೇ ಅವರೂ ಇದೇ ಮನೆ ವಿಷಯ ತೆಗೆದರು. ಅವರ ರೇಟು 65 ಲಕ್ಷ.

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತ ಮೊದಲು ತಿಳ್ಕೊಳ್ಳಬೇಕು. ಮಾಲೀಕರು ಬ್ರೋಕರ್‌ಗೆ ಎರಡು ರೀತಿ ಹೇಳುತ್ತಾರೆ. ಒಂದು, "ಇಷ್ಟು ರೇಟು, ನಿಮಗೆ ಇಷ್ಟು ಪರ್ಸೆಂಟ್." ನಮ್ಮ ಕಡೆ ವಾಡಿಕೆ 1ರಿಂದ 2 ಪರ್ಸೆಂಟ್, ಕೊಡುವವರಿಂದಲೂ ಕೊಳ್ಳುವವರಿಂದಲೂ. ಇನ್ನೊಂದು, ನೆಟ್ ರೇಟು. "ನನ್ನ ಕೈಗೆ ಇಷ್ಟು ಬರಬೇಕು, ಅದರ ಮೇಲೆ ಎಷ್ಟಾದರೂ ಮಾಡ್ಕೊಳ್ಳಿ" ಅನ್ನೋದು. ನೆಟ್ ರೇಟಿನಲ್ಲಿ ಬ್ರೋಕರ್ ಮೇಲೆ ಹಾಕಿಕೊಳ್ಳುವುದಕ್ಕೆ ಮಿತಿ ಇಲ್ಲ. ಜೊತೆಗೆ ಒಬ್ಬರ ಹತ್ತಿರ ಹೋದ ವರ್ಷದ ರೇಟು ಇರಬಹುದು, ಇನ್ನೊಬ್ಬರ ಹತ್ತಿರ ನಿನ್ನೆಯದ್ದು. ಇಷ್ಟು ನನಗೆ ಬ್ಯಾಂಕಿನ ಕೆಲಸದಿಂದ ಗೊತ್ತಿತ್ತು. ಆದರೆ ಈ ಮನೆಯ ಮೂರು ರೇಟಿನ ಹಿಂದೆ ಬೇರೆಯದೇ ಕಾರಣ ಇತ್ತು. ಅದು ಹೊರಗೆ ಬಂದಿದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ.

ಎರಡನೆಯವರಿಗೂ ಮೂರನೆಯವರಿಗೂ ನಾನು ಅದೇ ದಿನ ವಾಟ್ಸಾಪ್‌ನಲ್ಲಿ ಬರೆದು ಹಾಕಿದೆ: "ಈ ಮನೆಯನ್ನು ನಾವು ಈಗಾಗಲೇ ಬೇರೆಯವರ ಮೂಲಕ ನೋಡಿದ್ದೇವೆ. ಬೇರೆ ಮನೆ ಇದ್ದರೆ ಖಂಡಿತ ತೋರಿಸಿ." ಬಾಯಲ್ಲಿ ಹೇಳುವುದಕ್ಕಿಂತ ಬರೆದು ಹಾಕಿದ್ದು ಒಳ್ಳೆಯದಾಯಿತು. ಮುಂದೆ ಅದು ಬಹಳ ಕೆಲಸಕ್ಕೆ ಬಂತು.

ವಿರಾಜಪೇಟೆಯವರು ಬೇಸರ ಮಾಡಿಕೊಳ್ಳಲಿಲ್ಲ. "ಸರಿ ಸಾರ್, ಅವರ ಮೂಲಕವೇ ಮುಂದುವರಿಸಿ. ಆದ್ರೆ ಒಂದು ಮಾತು. ಹಿಂದಿನ ಬರೆ 2019ರ ಮಳೆಗೆ ಸ್ವಲ್ಪ ಜಾರಿತ್ತು. ಆ ಗೋಡೆ ಆಮೇಲೆ ಕಟ್ಟಿದ್ದು. ಮಳೇಲಿ ಒಂದ್ಸಲ ಬಂದು ನೋಡಿ" ಅಂದರು. ಇದನ್ನು ಹಿರಿಯರು ನಮಗೆ ಹೇಳಿರಲಿಲ್ಲ. ಯುವಕನ ಜಾಹೀರಾತಿನಲ್ಲಂತೂ ಗೋಡೆಯ ಫೋಟೋವೇ ಇರಲಿಲ್ಲ.

ಕೊಡಗಿನಲ್ಲಿ ಮನೆ ನೋಡುವವರು ಈಗ ಅಡುಗೆಮನೆಗಿಂತ ಮೊದಲು ಬರೆ ನೋಡುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು, 2019ರಲ್ಲಿ ತೋರದಲ್ಲಿ ಏನಾಯಿತು, 2020ರಲ್ಲಿ ತಲಕಾವೇರಿಯಲ್ಲಿ ಏನಾಯಿತು ಅಂತ ಇಲ್ಲಿ ಯಾರೂ ಮರೆತಿಲ್ಲ. ಜುಲೈನಲ್ಲಿ, ಮಳೆ ಹಿಡಿದು ಸುರಿಯುತ್ತಿದ್ದಾಗ, ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರ್ಕೊಂಡು ಹೋದೆವು. ಅವರು ಮನೆಯೊಳಗೆ ಹೋಗಲೇ ಇಲ್ಲ. ಕೊಡೆ ಹಿಡಿದು ನೇರ ಹಿಂದಕ್ಕೆ ಹೋಗಿ ಗೋಡೆಯ ಮುಂದೆ ನಿಂತರು. ನೀರು ಹೋಗಲಿ ಅಂತ ಗೋಡೆಯಲ್ಲಿ ಅಲ್ಲಲ್ಲಿ ಪೈಪು ಬಿಟ್ಟಿದ್ದಾರೆ. ಕೆಲವು ಪೈಪುಗಳಲ್ಲಿ ನೀರು ಜೋರಾಗಿ ಬರುತ್ತಿತ್ತು. ಎರಡರಲ್ಲಿ ಹುಲ್ಲು ಬೆಳೆದು ಕಟ್ಟಿಕೊಂಡಿತ್ತು. ಅವರು ಬರುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನೀರು ತಿಳಿಯಾಗಿತ್ತು. "ಕೆಂಪಗೆ ಬಂದ್ರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರ್ತಿದೆ ಅಂತ ಅರ್ಥ. ಇದು ಪರವಾಗಿಲ್ಲ. ಆದ್ರೆ ಕಟ್ಟಿಕೊಂಡಿರೋ ಪೈಪು ಬಿಡಿಸಬೇಕು. ಇಲ್ಲಾಂದ್ರೆ ನೀರಿನ ಒತ್ತಡ ಗೋಡೆ ಮೇಲೆ ಬೀಳುತ್ತೆ. ಮೇಲೆ ಒಂದು ಚರಂಡಿ ತೆಗೆಸಿ, ಬರೆ ಮೇಲಿನ ನೀರು ಪಕ್ಕಕ್ಕೆ ಹೋಗೋ ಹಾಗೆ ಮಾಡಿ" ಅಂದರು. ಬರೆಯ ಮೇಲೆ ಏನಿದೆ ಅಂತ ಕೆಳಗಿನಿಂದ ಕಾಣುತ್ತಿರಲಿಲ್ಲ. ಆಗ ನೆನಪಾಗಿದ್ದು ಯುವಕ ಕಳಿಸಿದ ಡ್ರೋನ್ ವಿಡಿಯೋ. ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲೆ ಮರದ ನೆರಳಿನಲ್ಲಿ ಕಾಫಿ, ಸಿಲ್ವರ್ ಓಕ್. ಎಲ್ಲೂ ಹೊಸದಾಗಿ ಮಣ್ಣು ಅಗೆದಿಲ್ಲ, ಜೆಸಿಬಿ ರಸ್ತೆ ಇಲ್ಲ.

ಹಲವು ಬ್ರೋಕರ್ ಇದ್ದರೆ ತಲೆನೋವು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಒಬ್ಬೊಬ್ಬರಿಗೂ ಮನೆಯ ಒಂದೊಂದು ಭಾಗ ಗೊತ್ತಿರುತ್ತೆ. ಹಿರಿಯರಿಗೆ ಜಾಗದ ಇತಿಹಾಸ ಬಾಯಿಪಾಠ. "ಇದು ಸಾಗು ಜಾಗ, ಜಮ್ಮಾ ಅಲ್ಲ. ಕನ್ವರ್ಷನ್ ಆರ್ಡರ್ ಇದೆ" ಅಂತ ಮೊದಲ ದಿನವೇ ಹೇಳಿದ್ದರು. ಹೊರಗಿನಿಂದ ಬಂದವರಿಗೆ ಇದರ ಬೆಲೆ ಗೊತ್ತಾಗುವುದಿಲ್ಲ. ಸಾಗು ಅಂದರೆ ಸಾಮಾನ್ಯ ಕಂದಾಯದ ಹಿಡುವಳಿ, ಕನ್ವರ್ಷನ್ ಅಂದರೆ ಕೃಷಿ ಜಾಗವನ್ನು ಮನೆಗೆ ಬಳಸಲು ಸಿಕ್ಕ ಅನುಮತಿ. ಜಮ್ಮಾ ಅಂದರೆ ರಾಜರ ಕಾಲದಿಂದ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಗದ್ದೆಗೆ ಸೇರಿದ ಬಾಣೆ, ಅಂದರೆ ಪಕ್ಕದ ಕಾಡು ಜಾಗವೂ ಅದರೊಳಗೆ ಬರುತ್ತೆ. ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಜೊತೆ ಕುಟುಂಬದ ಎಷ್ಟೋ ಜನರ ಹೆಸರು ಇರುತ್ತೆ, ಅದರಲ್ಲಿ ಕೆಲವರು ತೀರಿಹೋಗಿ ಕಾಲ ಆಗಿರುತ್ತೆ. ಅಂಥ ಜಾಗದ ತುಂಡು ಕೊಂಡರೆ ಯಾರ ಯಾರ ಒಪ್ಪಿಗೆ ಬೇಕು ಅಂತ ಹುಡುಕುವುದರಲ್ಲೇ ಸುಸ್ತಾಗುತ್ತೆ. ನಮ್ಮದು ಸಾಗು ಜಾಗ ಅನ್ನುವುದನ್ನು ವಕೀಲರು ಕಾಗದ ನೋಡಿ ಖಚಿತ ಮಾಡಿದರು. ಜಾಗ ಹತ್ತೇ ಸೆಂಟು, ಹನ್ನೆರಡಲ್ಲ.

ಸೆಪ್ಟೆಂಬರ್‌ನಲ್ಲಿ ಹಿರಿಯರ ಮೂಲಕ ನಮ್ಮ ರೇಟು ಹೇಳಿ ಕಳಿಸಿದೆವು, 60 ಲಕ್ಷ. ಅದಕ್ಕೆ ಒಂದು ಲೆಕ್ಕ ಇತ್ತು. ಗೋಡೆ, ಚರಂಡಿ ಕೆಲಸ ನಮ್ಮ ಮೇಲೆ ಬರುತ್ತಿತ್ತು. ಮೇಲಾಗಿ 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2 ಪರ್ಸೆಂಟ್ ಆಗಿತ್ತು. ಏಪ್ರಿಲ್‌ನಲ್ಲಿ ಮನೆ ನೋಡಿದಾಗ ಹಾಕಿದ್ದ ಲೆಕ್ಕಕ್ಕಿಂತ ಅಷ್ಟು ದುಡ್ಡು ಜಾಸ್ತಿ ಬೇಕಾಯಿತು.

ಅದಾಗಿ ಒಂದು ವಾರ ಆಗಿರಬೇಕು, ಯುವಕನ ಫೋನ್ ಬಂತು.

"ಸಾರ್, ಆ ಮೂರ್ನಾಡು ಮನೆಗೆ ಒಂದು ಸ್ಟ್ರಾಂಗ್ ಪಾರ್ಟಿ ಬಂದಿದೆ. ಅರವತ್ತಕ್ಕೆ ಕೇಳಿದ್ದಾರೆ. ನೀವು ಅರವತ್ತೈದು ಅಂದ್ರೆ ನಾನು ಓನರ್ ಹತ್ರ ಮಾತಾಡಿ ನಿಮಗೇ ಮಾಡಿಸ್ತೀನಿ. ಒಂದು ಲಕ್ಷ ಟೋಕನ್ ಹಾಕಿಬಿಡಿ."

"ಯಾರು ಆ ಪಾರ್ಟಿ?"

"ಮೈಸೂರಿನವರಂತೆ ಸಾರ್. ಬ್ಯಾಂಕಲ್ಲಿದ್ದಾರಂತೆ, ಹೆಂಡತಿ ಟೀಚರ್ ಅಂತೆ. ನಾಪೋಕ್ಲು ಕಡೆ ನೆಂಟಸ್ತಿಕೆ ಇದೆಯಂತೆ. ಅವರಿಗೆ ಮನೆ ಬೇಕೇ ಬೇಕು."

ಅದು ನಾವೇ.

ಯುವಕ ಸುಳ್ಳು ಹೇಳಲಿಲ್ಲ. ಅವರ ಮೊಬೈಲಿನಲ್ಲಿ ನಾನು ಬರೀ ಒಂದು ನಂಬರ್. ನನ್ನ ಕೆಲಸ, ಹೆಂಡತಿಯ ಕೆಲಸ ಅವರಿಗೆ ಗೊತ್ತಿಲ್ಲ. ಹಿರಿಯರು ನಮ್ಮ ಪರಿಚಯ ಹೇಳಿ ಮಾಲೀಕರ ಮಗನಿಗೆ 60 ಲಕ್ಷದ ಮಾತು ಮುಟ್ಟಿಸಿದ್ದಾರೆ. ಆ ಮಗ ಯುವಕನಿಗೆ "ಒಂದು ಪಾರ್ಟಿ ಅರವತ್ತಕ್ಕೆ ಕೇಳ್ತಿದೆ, ನಿಮ್ಮದು ಏನಾಯ್ತು?" ಅಂದಿದ್ದಾರೆ. ಯುವಕ ಅದನ್ನೇ ನನಗೆ ಮುಟ್ಟಿಸಿದ್ದಾರೆ. ಎರಡು ದಿನದಲ್ಲಿ ವಿರಾಜಪೇಟೆಯವರ ಫೋನೂ ಬಂತು. "ಯಾರೋ ಅರವತ್ತಕ್ಕೆ ಕೇಳಿದ್ದಾರಂತೆ, ಅದು ನೀವೇ ತಾನೇ?" ಅಂತ ಅವರು ನೇರವಾಗಿ ಕೇಳಿದರು.

ಮಾಲೀಕರ ಕಡೆಯಿಂದ ಇದನ್ನು ನೋಡಬೇಕು. ಮೂವರು ಬ್ರೋಕರ್‌ಗಳೂ "ನನ್ನ ಹತ್ರ ಒಂದು ಪಾರ್ಟಿ ಇದೆ" ಅಂತಿದ್ದಾರೆ. ಮಾಲೀಕರ ಲೆಕ್ಕಕ್ಕೆ ಮೂರು ಪಾರ್ಟಿ. ಮನೆಗೆ ಡಿಮ್ಯಾಂಡ್ ಇದೆ ಅನ್ನಿಸೋದು ಸಹಜ ಅಲ್ವಾ? ರೇಟು ಇಳಿಸೋಕೆ ಅವರಿಗೆ ಕಾರಣವೇ ಇಲ್ಲ. ಇರೋದು ಒಬ್ಬರೇ ಗಿರಾಕಿ, ಅದೂ ನಾವು. ಯುವಕನ ಮಾತು ಕೇಳಿ 65 ಅಂದಿದ್ದರೆ ನಮ್ಮ 60ರ ಮೇಲೆ ನಾವೇ ಐದು ಲಕ್ಷ ಏರಿಸಿದಂತಾಗುತ್ತಿತ್ತು. ಯಾರೂ ಮೋಸ ಮಾಡದೆ, ಎಲ್ಲರೂ ನಿಜವನ್ನೇ ಹೇಳಿ, ಇಷ್ಟು ದುಡ್ಡು ಹೋಗುವ ಸಾಧ್ಯತೆ ಇತ್ತು. ಇದು ಎಲ್ಲರಿಗೂ ಗೊತ್ತಾಗಬೇಕು ಅಂತಲೇ ನಾನು ಇದನ್ನು ಬರೆಯಲು ಕೂತಿದ್ದು. ಒಂದೇ ಮನೆಯನ್ನು ಇಬ್ಬರು ಬ್ರೋಕರ್‌ಗಳ ಹತ್ತಿರ ವಿಚಾರಿಸಿದವರು, ಯಾರಾದರೂ "ಬೇರೆ ಪಾರ್ಟಿ ಇದೆ" ಅಂದಾಗ, ಆ ಪಾರ್ಟಿ ಯಾರು, ಎಲ್ಲಿಯವರು, ಎಷ್ಟಕ್ಕೆ ಕೇಳಿದ್ದಾರೆ ಅಂತ ಬಿಡಿಸಿ ಕೇಳಲೇಬೇಕು.

ಆ ದಿನ ರಾತ್ರಿ ನಾವಿಬ್ಬರೂ ಕೂತು ಮಾತಾಡಿದೆವು. ವಿರಾಜಪೇಟೆಯವರ ರೇಟು ಕಡಿಮೆ, ಮಾತೂ ನೇರ. ಅವರ ಮೂಲಕ ಹೋದರೆ ಬೇಗ ಮುಗಿಯಬಹುದು ಅನ್ನೋ ಯೋಚನೆ ಬಂತು. ಆದರೆ ನಮ್ಮನ್ನು ಮನೆಗೆ ಕರ್ಕೊಂಡು ಹೋದವರು, ಬೇಲಿ ಸುತ್ತ ನಡೆಸಿ ಗಡಿ ಕಲ್ಲು ತೋರಿಸಿದವರು, ಪಂಚಾಯಿತಿಯಿಂದ ಕಾಗದದ ನಕಲು ತಂದುಕೊಟ್ಟವರು ಹಿರಿಯರು. ಬರೆಯ ವಿಷಯ ಯಾಕೆ ಹೇಳಲಿಲ್ಲ ಅಂತ ಅವರನ್ನು ಕೇಳಿದೆವು. "ಗೋಡೆ ಕಟ್ಟಿದ ಮೇಲೆ ಏನೂ ಆಗಿಲ್ಲ, ಅದಕ್ಕೆ ಹೇಳಬೇಕು ಅನ್ನಿಸ್ಲಿಲ್ಲ" ಅಂದರು. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ, ಅದನ್ನು ಅವರಿಗೂ ಹೇಳಿದೆ. ಆದರೆ ಅದಕ್ಕಾಗಿ ಅವರು ಮಾಡಿದ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕುವುದು ನ್ಯಾಯ ಅಲ್ಲ. ಮೂರ್ನಾಡಿನಂಥ ಊರಿನಲ್ಲಿ ನಾಳೆ ಅವರ ಮುಖ ನೋಡಿಕೊಂಡೇ ಬದುಕಬೇಕು.

ಬ್ರೋಕರ್ ಬದಲಿಸದೆ ಮಾತು ಹೋಗುವ ದಾರಿಯನ್ನು ಒಂದು ಮಾಡೋಣ ಅಂತ ತೀರ್ಮಾನ ಮಾಡಿದೆವು. ಹಿರಿಯರಿಗೆ ಹೇಳಿದೆ: "ಮಾಲೀಕರು ಎಲ್ಲರೂ ಒಟ್ಟಿಗೆ ಇರೋವಾಗ ನಮ್ಮನ್ನು ಕೂರಿಸಿ. ನೀವೂ ಜೊತೆಗೆ ಇರಿ." ಎಷ್ಟೋ ಬ್ರೋಕರ್‌ಗಳು ಕೊಳ್ಳುವವರನ್ನೂ ಮಾಲೀಕರನ್ನೂ ಮುಖಾಮುಖಿ ಮಾಡಲು ಹೆದರುತ್ತಾರೆ, ಎಲ್ಲಿ ತಮ್ಮನ್ನು ಬಿಟ್ಟು ವ್ಯಾಪಾರ ಮಾಡಿಬಿಡುತ್ತಾರೋ ಅಂತ. ಆ ಭಯಕ್ಕೂ ಕಾರಣ ಇದೆ. ಅದಕ್ಕೆ ಮೊದಲೇ ಬರೆದು ಕೊಟ್ಟೆ: ಈ ಮನೆ ನಮಗೆ ಆದರೆ, ಯಾವ ದಾರಿಯಲ್ಲಿ ಆದರೂ, ನಿಮಗೆ 1 ಪರ್ಸೆಂಟ್, ನೋಂದಣಿಯ ದಿನ, ಬ್ಯಾಂಕ್ ಮೂಲಕ. ಆಮೇಲೆ ಅವರು ತಡ ಮಾಡಲಿಲ್ಲ.

ಯುವಕನಿಗೂ ಫೋನ್ ಮಾಡಿ "ಆ ಮೈಸೂರು ಪಾರ್ಟಿ ನಾವೇ" ಅಂತ ಹೇಳಿದೆ. ಅವರು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ "ನಾನು ರೇರಾ ರಿಜಿಸ್ಟರ್ಡ್ ಏಜೆಂಟ್, ನನ್ನ ಮೂಲಕ ಹೋದ್ರೆ ನಿಮಗೆ ಸೇಫ್" ಅಂದರು. ವಕೀಲರನ್ನು ಕೇಳಿದಾಗ ವಿಷಯ ಬಿಡಿಸಿ ಹೇಳಿದರು. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ಕಾಯ್ದೆ, ಅದರಲ್ಲಿ ಏಜೆಂಟರ ನೋಂದಣಿ ಇರುವುದು ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟ್ ಪ್ರಾಜೆಕ್ಟ್‌ಗಳ ಮಾರಾಟಕ್ಕೆ. ಒಬ್ಬರ ಹಳೇ ಮನೆಯನ್ನು ಇನ್ನೊಬ್ಬರು ಕೊಳ್ಳುವಾಗ ಅದರಿಂದ ಹೆಚ್ಚಿನ ರಕ್ಷಣೆ ಏನೂ ಸಿಗುವುದಿಲ್ಲ.

ಹುತ್ತರಿಗೆ ಊರಿಗೆ ಬಂದಾಗ ಮಾಲೀಕರ ಮನೆಯವರೆಲ್ಲ ಸೇರಿದರು. ಮನೆ ಕಟ್ಟಿಸಿದ ಯಜಮಾನರು ತೀರಿಕೊಂಡಿದ್ದಾರೆ. ಅವರ ಹೆಂಡತಿ, ಬೆಂಗಳೂರಿನ ಮಗ, ಮಂಗಳೂರಿನ ಮಗಳು. ಅದೇ ಜಗಲಿಯಲ್ಲಿ ಕೂತೆವು. ಮೂರು ರೇಟಿನ ಕಾರಣ ಅಲ್ಲಿ ಗೊತ್ತಾಯಿತು. ಹಿರಿಯರಿಗೂ ಯುವಕನಿಗೂ ಮನೆ ಒಪ್ಪಿಸಿದ್ದು ಮಗ. ಹಿರಿಯರಿಗೆ 68 ಅಂತ ಹೇಳಿದ್ದರು. ಯುವಕನಿಗೆ 68 ನೆಟ್ ಅಂದಿದ್ದರು, ಅವರು ಅದರ ಮೇಲೆ ಆರು ಲಕ್ಷ ಹಾಕಿಕೊಂಡಿದ್ದರು. ವಿರಾಜಪೇಟೆಯವರಿಗೆ ಹೇಳಿದ್ದು ಮಗಳು. ಅಮ್ಮನನ್ನು ಮಂಗಳೂರಿಗೆ ಕರ್ಕೊಂಡು ಹೋಗುವ ಆತುರ ಅವರಿಗೆ. 65ಕ್ಕೆ ಆಗಲಿ ಅಂದಿದ್ದರು. ಅಣ್ಣ ಯಾವ ರೇಟು ಹೇಳಿದ್ದಾರೆ ಅಂತ ತಂಗಿಗೆ ಗೊತ್ತಿಲ್ಲ, ತಂಗಿ ಬೇರೆ ಬ್ರೋಕರ್‌ಗೆ ಹೇಳಿದ್ದು ಅಣ್ಣನಿಗೆ ಗೊತ್ತಿಲ್ಲ. ಇಬ್ಬರೂ ಅಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ಮಾತ್ರ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೋಂಸ್ಟೇ ಮಾಡ್ತೀರಾ, ವಾಸಕ್ಕೆ ಬರ್ತೀರಾ?" ವಾಸಕ್ಕೆ ಅಂದೆವು.

ಇಲ್ಲಿ ಬ್ರೋಕರ್ ವಿಷಯ ಹೋಗಿ ಹಕ್ಕಿನ ವಿಷಯಕ್ಕೆ ತಗುಲಿಕೊಳ್ಳುತ್ತೆ. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ, ಸ್ವಂತ ದುಡ್ಡಲ್ಲಿ ಮಾಡಿದ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಗನ ಜೊತೆ ಮಾತ್ರ ಕರಾರು ಮಾಡಿಕೊಂಡರೆ ಅದು ಮೂರರಲ್ಲಿ ಒಂದು ಪಾಲಿನ ಮಾತು. ಮಗಳ ಕಡೆಯ ಬ್ರೋಕರ್ ಇನ್ನೊಬ್ಬರಿಂದ ಟೋಕನ್ ತಗೊಂಡು ಚೀಟಿ ಬರೆದುಕೊಟ್ಟಿದ್ದರೆ ಅದು ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವುದೇ ಇಲ್ಲ. ಇ.ಸಿ.ಯಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನ ಇ.ಸಿ. ಸಿಗುತ್ತೆ, ಅದಕ್ಕಿಂತ ಹಿಂದಿನದ್ದನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿದೆವು. ಎರಡೂ ಸ್ವಚ್ಛವಾಗಿತ್ತು. ಆದರೂ ವಕೀಲರು ಒಪ್ಪಲಿಲ್ಲ. "ಇಷ್ಟು ಜನರ ಬಾಯಲ್ಲಿ ಇರೋ ಮನೆ. ಪೇಪರಲ್ಲಿ ಪ್ರಕಟಣೆ ಕೊಡೋಣ" ಅಂದರು. 'ಶಕ್ತಿ' ಪತ್ರಿಕೆಯಲ್ಲಿ ಕೊಟ್ಟೆವು. ಈ ಮನೆಯನ್ನು ನಮ್ಮ ಕಕ್ಷಿದಾರರು ಕೊಳ್ಳಲಿದ್ದಾರೆ, ಯಾರದ್ದಾದರೂ ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ತಿಳಿಸಿ ಅಂತ. ಯಾರೂ ಬರಲಿಲ್ಲ.

ರೇಟು 62 ಲಕ್ಷಕ್ಕೆ ನಿಂತಿತು. ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಅಷ್ಟು ತಿಂಗಳು ಮೂರು ಫೋನಿನಲ್ಲಿ ಎಳೆದಾಡಿದ ಮಾತು ಎಲ್ಲರೂ ಒಂದೇ ಕಡೆ ಕೂತಾಗ ಬೇಗ ಮುಗಿಯಿತು.

ಕರಾರು ಪತ್ರಕ್ಕೆ ಮೂವರೂ ಸಹಿ ಮಾಡಿದರು. ಅದರಲ್ಲಿ ವಕೀಲರು ನಮ್ಮ ಒತ್ತಾಯಕ್ಕೆ ಒಂದು ಷರತ್ತು ಸೇರಿಸಿದರು: ಖರೀದಿದಾರರು ಈ ಮನೆಯನ್ನು ಇಂಥವರ ಮೂಲಕ ನೋಡಿ ಮಾತಾಡಿದ್ದಾರೆ, ಅವರ ಕಮಿಷನ್ ಮಾತ್ರ ಖರೀದಿದಾರರ ಹೊಣೆ. ಮಾಲೀಕರ ಪೈಕಿ ಯಾರಾದರೂ ಬೇರೆ ಮಧ್ಯವರ್ತಿಗೆ ಮಾತು ಕೊಟ್ಟಿದ್ದರೆ ಆ ಲೆಕ್ಕ ಮಾಲೀಕರದ್ದು. ಅದರಿಂದ ನೋಂದಣಿ ತಡ ಆಗಬಾರದು. ಮಗ ಅದನ್ನು ಓದಿ ಅಲ್ಲೇ ಯುವಕನಿಗೆ ಮೆಸೇಜ್ ಹಾಕಿದರು, ಮಗಳು ವಿರಾಜಪೇಟೆಯವರಿಗೆ: "ಮನೆಗೆ ಅಗ್ರಿಮೆಂಟ್ ಆಗಿದೆ, ಇನ್ನು ಯಾರಿಗೂ ತೋರಿಸಬೇಡಿ." ಮುಂಗಡ ಹಣ ಮಾಲೀಕರ ಖಾತೆಗೇ ಹೋಯಿತು. ಬ್ರೋಕರ್ ಕೈಗೆ ಟೋಕನ್ ಅಂತ ಒಂದು ರೂಪಾಯಿಯೂ ಕೊಡಲಿಲ್ಲ. ಕರಾರನ್ನು ನೋಂದಣಿಯೂ ಮಾಡಿಸಿದೆವು. ಇನ್ನು ಯಾರೇ ಇ.ಸಿ. ತೆಗೆದರೂ ನಮ್ಮ ಹೆಸರು ಕಾಣುತ್ತೆ.

ಮುಂದಿನ ಕಚೇರಿ ಕೆಲಸ ಎಲ್ಲ ಕಡೆ ಇರುವಂಥದ್ದೇ. ಮನೆ ಪಂಚಾಯಿತಿ ವ್ಯಾಪ್ತಿಯದ್ದು. ಪಂಚಾಯಿತಿಯ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ನಮೂನೆ 9, ನಮೂನೆ 11ಎ ಇನ್ನೂ ತಂದೆಯ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮೂವರ ಹೆಸರಿಗೆ ಮಾಡಿಸಬೇಕಾಯಿತು. ಅದು ಆಗದೆ ಕ್ರಯಪತ್ರದ ನೋಂದಣಿಯೇ ಆಗುವುದಿಲ್ಲ. ಅದಕ್ಕೆಲ್ಲ ಪಂಚಾಯಿತಿಗೆ ಓಡಾಡಿದ್ದು ಹಿರಿಯರು. ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ. ಹಳ್ಳಿ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.65. ನೋಂದಣಿ ಶುಲ್ಕ 2. ಒಟ್ಟು 7.65 ಪರ್ಸೆಂಟ್. 62 ಲಕ್ಷಕ್ಕೆ 4,74,300 ರೂಪಾಯಿ. ಬೆಲೆ 50 ಲಕ್ಷ ದಾಟಿದ್ದರಿಂದ ಮಾಲೀಕರಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಮಾಲೀಕರು ಮೂವರು ಅಂದರೆ ಮೂವರ ಪಾನ್ ಮೇಲೂ ಬೇರೆ ಬೇರೆಯಾಗಿ. ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ, ಟಿಡಿಎಸ್ ಬೇಡ ಅಂತ ಕೆಲವರು ಹೇಳುತ್ತಾರೆ. 2024ರ ಬಜೆಟ್ಟಿನಲ್ಲಿ ಅದನ್ನು ಸ್ಪಷ್ಟ ಮಾಡಿದ್ದಾರೆ, ನೋಡಬೇಕಾದ್ದು ಒಟ್ಟು ಬೆಲೆ.

ನೋಂದಣಿ ಫೆಬ್ರವರಿಯಲ್ಲಿ ಮಡಿಕೇರಿಯಲ್ಲಿ ಆಯಿತು. ಮೂವರೂ ಬಂದು ಹೆಬ್ಬೆಟ್ಟು ಒತ್ತಿ ಫೋಟೋ ತೆಗೆಸಿಕೊಂಡರು. ಹೊರಗೆ ಬಂದ ಕೂಡಲೇ ಹಿರಿಯರ ಖಾತೆಗೆ 62,000 ಹಾಕಿ ಅವರಿಂದ ರಸೀದಿ ಬರೆಸಿಕೊಂಡೆ. ಮೊತ್ತ ನೋಡಿ ಅವರು, "ಇದರಲ್ಲಿ ವಿರಾಜಪೇಟೆಯವರಿಗೂ ಒಂದು ಪಾಲು ಕೊಡ್ತೀನಿ" ಅಂದರು. ನಾವು ಕೇಳಿರಲಿಲ್ಲ. ಬರೆಯ ವಿಷಯ ಅವರಿಂದ ಗೊತ್ತಾಯಿತು ಅಂತ ನಾನು ಜಗಲಿಯಲ್ಲಿ ಎಲ್ಲರ ಮುಂದೆ ಹೇಳಿದ್ದೆ, ಅದು ಅವರ ಮನಸ್ಸಿನಲ್ಲಿ ಉಳಿದಿತ್ತು.

ಯುವಕ ಮಾತ್ರ ಮುನಿಸಿಕೊಂಡರು. "ಫೋಟೋ, ವಿಡಿಯೋ ಎಲ್ಲ ನನ್ನಿಂದ ನೋಡಿದ್ರಿ. ನನಗೂ ಕಮಿಷನ್ ಬರಬೇಕು" ಅಂತ ಫೋನ್ ಮಾಡಿದರು. ಹಿರಿಯರು ಮನೆ ತೋರಿಸಿದ ದಿನಾಂಕ, ಅವರ ಮೊದಲ ಫೋಟೋ ಬಂದ ದಿನಾಂಕ, "ಬೇರೆಯವರ ಮೂಲಕ ನೋಡಿದ್ದೇವೆ" ಅಂತ ನಾನು ಅದೇ ದಿನ ಬರೆದಿದ್ದು, ಮೂರನ್ನೂ ಕಳಿಸಿದೆ. ಅವರ ಕೋಪ ನನಗೆ ಅರ್ಥ ಆಗುತ್ತೆ. ಡ್ರೋನ್‌ಗೆ, ಜಾಹೀರಾತಿಗೆ ಅವರು ಕೈಯಿಂದ ದುಡ್ಡು ಹಾಕಿದ್ದಾರೆ. ಒಂದೇ ಮನೆಯನ್ನು ಮೂವರಿಗೆ ಬಾಯಿಮಾತಲ್ಲಿ ಕೊಟ್ಟರೆ ಇಬ್ಬರ ಶ್ರಮ ಖಂಡಿತ ನೀರುಪಾಲು. ಅದಕ್ಕೆ ಮಾಲೀಕರು ಒಬ್ಬರಿಗೇ, ಇಷ್ಟು ತಿಂಗಳಿಗೆ ಅಂತ ಬರೆದು ಕೊಡೋದು ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ. ಆದರೆ ಅವರಿಗೆ ಕೊಡಬೇಕಾದ್ದು ಇದ್ದರೆ ಅದು ಮನೆ ಒಪ್ಪಿಸಿದವರ ಕಡೆಯಿಂದ ಬರಬೇಕು. ಷರತ್ತಿನ ಪ್ರಕಾರ ಮಗನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ವಿಡಿಯೋದ ಖರ್ಚು ತಾನು ಕೊಡ್ತೀನಿ ಅಂತ ಅವರು ಹೇಳಿದರು. ಆಮೇಲೆ ಯುವಕನ ಫೋನ್ ಬರಲಿಲ್ಲ.

ಖಾತೆ ಈಗ ನಮ್ಮ ಹೆಸರಿಗೆ ಆಗಿದೆ. ಗೋಡೆಯ ಪೈಪು ಬಿಡಿಸಿ, ಮೇಲೆ ಚರಂಡಿ ತೆಗೆಸಿದ್ದೇವೆ. ಒಂದು ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. 12 ಸೆಂಟು, 74 ಲಕ್ಷದ ಆ ಜಾಹೀರಾತನ್ನು ಯಾರು ಯಾರೋ ನಕಲು ಮಾಡಿ ಬೇರೆ ಬೇರೆ ಗ್ರೂಪಿಗೆ ಹಾಕಿದ್ದಾರೆ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಗೇಟಿನ ಮುಂದೆ ನಿಂತು "ಮನೆ ನೋಡಬಹುದಾ?" ಅಂತ ಕೇಳುತ್ತವೆ. ಮನೆ ಮಾರಾಟ ಆಗಿದೆ ಅಂತ ಹೇಳಿ, ಯಾವ ಬ್ರೋಕರ್ ಕಳಿಸಿದರು ಅಂತ ಕೇಳಿ, ಅವರ ನಂಬರ್ ತಗೊಂಡು, ಜಾಹೀರಾತು ತೆಗೆಯಿರಿ ಅಂತ ಒಬ್ಬೊಬ್ಬರಿಗೂ ಬರೆದು ಹಾಕುತ್ತಿದ್ದೇನೆ.